ಬೆಚ್ಚಗಾದ ಕೆಸರು

ಬೆಳಗಿನ ಮಂಜಿನಲ್ಲಿ, ಕೊಳಚೆನೀರಿನ ಶುದ್ಧೀಕರಣ ಘಟಕದ ಅನಿಲತೊಟ್ಟಿ ಮಲಗಿದ ಎಮ್ಮೆಯಂತೆ ಕಾಣುತ್ತಿತ್ತು. ಒಳಗಿನ ಕೊಳಚೆ ಕೆಸರು ಕೊಳೆತು ಅನಿಲ ತುಂಬಿದಂತೆ ಅದರ ಕಬ್ಬಿಣದ ಮುಚ್ಚಳ ಮೇಲೇಳಬೇಕು. ಬಹಳ ಕಾಲದಿಂದ ಏಳುತ್ತಿರಲಿಲ್ಲ. ತಿಂಗಳ ಕೊನೆಗೂ ಏಳದಿದ್ದರೆ ಕತ್ತರಿಸಿ ಗುಜರಿಗೆ ಹಾಕಿಸುವುದಾಗಿ ಮೇಲಧಿಕಾರಿ ಹೇಳಿಹೋಗಿದ್ದರು. ತನ್ನ ಮದುವೆಗೂ ಮೊದಲಿನಿಂದ ಅದನ್ನು ನೋಡಿಕೊಂಡುಬಂದಿದ್ದ ಹಳೆಯ ಕೆಲಸಗಾರನಿಗೆ ಅಂದಿನಿಂದ ಊಟ ಸೇರುತ್ತಿರಲಿಲ್ಲ.

ಘಟಕದ ಪ್ರಯೋಗಾಲಯದಲ್ಲಿ ಕೆಲಸಕ್ಕಿದ್ದ ಅವನ ಅಕ್ಕನ ಮಗಳು ಮಾವನಿಗಾಗಿ ಒಂದು ಉಪಾಯ ಹುಡುಕಿದಳು. ಕೆಸರನ್ನು ಮೊದಲೇ ಬಿಸಿಮಾಡಿದರೆ ಅದರೊಳಗಿನ ಗಟ್ಟಿ ಕೋಶಗಳು ಸಡಿಲಗೊಂಡು, ಅನಿಲ ಮಾಡುವ ಸೂಕ್ಷ್ಮಜೀವಿಗಳಿಗೆ ಸುಲಭವಾಗಿ ಆಹಾರವಾಗುತ್ತವೆ. ಹೀಟರು ದುಬಾರಿ. ಆದರೆ ಗೋಡೆಯಾಚೆ ಅತ್ತೆ, ಅಂದರೆ ಮಾವನ ಹೆಂಡತಿ, ನಡೆಸುತ್ತಿದ್ದ ಲಾಂಡ್ರಿಯಿಂದ ಬಿಸಿನೀರು ದಿನವಿಡೀ ಚರಂಡಿಗೆ ಹರಿಯುತ್ತಿತ್ತು. ಅದನ್ನು ಒಂದು ಗುಂಡಿಗೆ ತಿರುಗಿಸಿ, ಕೆಸರಿನ ಡ್ರಮ್ಮುಗಳನ್ನು ಅದರಲ್ಲಿ ಇಳಿಬಿಟ್ಟಳು.

ಹಬೆಯ ನಡುವೆ, ಹಗ್ಗಗಳಲ್ಲಿ ಒಣಹಾಕಿದ ಬಿಳಿ ಹಾಸಿಗೆಬಟ್ಟೆಗಳು ತೇಲುವಂತೆ ಕಾಣುತ್ತಿದ್ದವು. ಡ್ರಮ್ಮುಗಳು ಕನಸು ಕಾಣುತ್ತಿರುವಂತಿದ್ದವು. ಕೆಸರಿನ ವಾಸನೆಯೂ ತಗ್ಗಿತು. ಶುಭಲಕ್ಷಣವೆಂದು ಅವಳು ಹಿಗ್ಗಿದಳು. ಬೆಚ್ಚಗಾದ ಕೆಸರು ದಿನವೂ ತೊಟ್ಟಿ ಸೇರಿತು. ಮುಚ್ಚಳ ಮಾತ್ರ ಇನ್ನಷ್ಟು ಕುಸಿಯಿತು.

ಒಂದು ಮಧ್ಯಾಹ್ನ ಅವಳು ಗುಂಡಿಯ ಬಳಿ ಹೋದಾಗ, ಅತ್ತೆ ಡ್ರಮ್ಮಿಗೆ ಏನನ್ನೋ ಸುರಿಯುತ್ತಿದ್ದಳು.

"ಏನತ್ತೆ ಇದು?"

"ಫಿನಾಯಿಲ್ ಕಣೇ. ಒಗೆದ ಬಟ್ಟೆ ಪಕ್ಕ ಈ ನಾತ ಇದ್ರೆ ಗಿರಾಕಿಗಳು ಸುಮ್ನೆ ಬಿಡ್ತಾರಾ? ದಿನಾ ಹಾಕ್ತಿದ್ದೀನಿ. ವಾಸನೆ ಕಮ್ಮಿಯಾಯ್ತು ಅಂತ ನೀನೇ ಕುಣೀತಿದ್ಯಲ್ಲ."

ಅವಳಿಗೆ ನಗುವೂ ಬಂತು, ಅಳುವೂ ಬಂತು. ಅನಿಲ ಮಾಡುವ ಜೀವಿಗಳು ಅದರಿಂದಲೇ ಸಾಯುತ್ತಿವೆಯೆಂದು ವಿವರಿಸಿದಾಗ ಅತ್ತೆಯ ಮುಖ ಸಪ್ಪಗಾಯಿತು.

"ಕೊಳಕಿನೊಳಗೂ ಸಂಸಾರ ಇರುತ್ತೆ ಅಂತ ನಂಗೇನೇ ಗೊತ್ತು?"

ಮಾವನಿಗೆ ವಿಷಯ ತಿಳಿಸಿದವಳೂ ಅತ್ತೆಯೇ. ಇಷ್ಟು ವರ್ಷ ತನ್ನನ್ನೇ ತಿಕ್ಕಿ ತೊಳೆದವಳು ತೊಟ್ಟಿಯನ್ನು ಬಿಟ್ಟಾಳೆಯೇ ಎಂದು ಅವನು ನಕ್ಕನಂತೆ. ಆ ತಿಂಗಳ ಮೊದಲ ನಗು.

ತೊಟ್ಟಿಯ ಕೆಸರನ್ನು ಬಹುಪಾಲು ಹೊರತೆಗೆದು, ಚೆನ್ನಾಗಿ ನಡೆಯುತ್ತಿದ್ದ ಪಕ್ಕದ ಇನ್ನೊಂದು ತೊಟ್ಟಿಯಿಂದ ಜೀವಂತ ಕೆಸರನ್ನು ಹೆಪ್ಪಿನಂತೆ ಬೆರೆಸಿದರು. ಅತ್ತೆ ಬಟ್ಟೆಯ ಹಗ್ಗಗಳನ್ನು ಆಚೆ ಬದಿಗೆ ಕಟ್ಟಿಸಿಕೊಂಡಳು. ಬೆಚ್ಚಗಿನ ಕೆಸರನ್ನು, ಎಳೆಗೂಸಿಗೆ ತುತ್ತು ಕೊಡುವಂತೆ, ಸ್ವಲ್ಪಸ್ವಲ್ಪವೇ ಉಣಿಸಿದರು.

ತಿಂಗಳ ಕೊನೆಯ ಬೆಳಿಗ್ಗೆ ಮೇಲಧಿಕಾರಿ ಬಂದಾಗ ಮುಚ್ಚಳ ಮೊಣಕಾಲೆತ್ತರ ಎದ್ದಿತ್ತು. ಅವರು ಸುತ್ತ ನಡೆದು ನೋಡಿ, ತೊಟ್ಟಿ ಕತ್ತರಿಸಲೆಂದು ಜೊತೆಗೆ ಕರೆತಂದಿದ್ದ ವೆಲ್ಡರನ್ನು ಹಿಂದಕ್ಕೆ ಕಳಿಸಿದರು. ಅಕ್ಕನ ಮಗಳು ಸುದ್ದಿ ಹೇಳಲು ಓಡಿದಳು. ಮಾವ ತೊಟ್ಟಿಯ ಬಿಸಿಲುಬದಿಗೆ ಬೆನ್ನು ಕೊಟ್ಟು, ಬಾಯಿ ತೆರೆದು, ಗಾಢ ನಿದ್ದೆಯಲ್ಲಿದ್ದ.

ಅವಳು ಎಬ್ಬಿಸಲಿಲ್ಲ.