ಮೊದಲ ವರ್ಷದ ಪರೀಕ್ಷೆ

ಮಂಗಳವಾರ ಬೆಳಿಗ್ಗೆ ಹತ್ತೂಕಾಲಿಗೆ ಡಾಕ್ಟರ್ ವೈಟ್‌ಸೆಲ್ ಎರಡು ಹಾಳೆಗಳನ್ನು ಮೇಜಿನ ಮೇಲೆ ಪಕ್ಕಪಕ್ಕ ಇಟ್ಟು, ರೋಜೆಲ್ ಪೆಟ್‌ವೇಯ ಮಿದುಳಿಗೆ ಏನೂ ಆಗಿಲ್ಲ ಎಂದರು.

ರೋಜೆಲ್ ಹನ್ನೊಂದು ವರ್ಷ ಅಮೆರಿಕನ್ ಫುಟ್‌ಬಾಲ್‌ನ ರಕ್ಷಣಾ ಸಾಲಿನಲ್ಲಿ ಆಡಿದವನು. ಚೆಂಡು ಎಸೆಯಲು ನಿಂತ ಎದುರಾಳಿಗಳನ್ನು ತೊಂಬತ್ತೆರಡು ಸಲ ನೆಲಕ್ಕೆ ಕೆಡವಿದ್ದ. ಮೂವತ್ತೇಳನೇ ವಯಸ್ಸಿಗೆ ಸ್ವಂತ ಮನೆಯ ದಾರಿ ಮರೆಯುತ್ತಿದ್ದ. ಆಟದಿಂದಲೇ ಹೀಗಾಯಿತೆಂದು ಡಾಕ್ಟರ್ ಬರೆದರೆ ಮಾತ್ರ ಪಂದ್ಯಗಳನ್ನು ನಡೆಸುವ ಲೀಗ್ ಚಿಕಿತ್ಸೆ ಕೊಡಿಸುತ್ತಿತ್ತು.

"ನೆನಪಿನ ಪರೀಕ್ಷೇಲಿ, ನೀವು ಆಟಕ್ಕೆ ಸೇರಿದ ಮೊದಲ ವರ್ಷ, ನೂರಕ್ಕೆ ನಲವತ್ತೊಂದು. ಇವತ್ತೂ ನಲವತ್ತೊಂದು," ಎಂದರು ಡಾಕ್ಟರ್.

"ಅವತ್ತು ಬೇಕಂತ್ಲೇ ತಪ್ಪು ಬರ್ದಿದ್ದೆ ಡಾಕ್ಟ್ರೇ," ಎಂದ ರೋಜೆಲ್, ಹಲ್ಲು ಕಚ್ಚಿಕೊಂಡು. "ಎಲ್ರೂ ಹಂಗೇ ಬರೀತಿದ್ವಿ. ಚೆನ್ನಾಗಿ ಬರೆದ್ರೆ, ತಲೆಗೆ ಪೆಟ್ಟು ಬಿದ್ದಾಗ ಮತ್ತೆ ಬರೆಸಿ, ಅಂಕ ಇಳೀತು ಅಂತ ಹೊರಗೆ ಕೂರಿಸ್ತಾರೆ. ದಡ್ಡನ ಥರ ಬರಿ ಮರಿ, ಭಾನುವಾರದ ಪಂದ್ಯ ಆಡ್ತೀಯ ಅಂತ ಹೇಳ್ಕೊಟ್ಟಿದ್ದೇ ಕೋಚ್ ಕೆಸ್ಲರ್. ಅದು ನಾಟಕ ಮಾಡಿ ತಗೊಂಡ ಅಂಕ. ಇವತ್ತು ನಂಗೆ ನಿಜವಾಗ್ಲೂ ಅಷ್ಟೇ ಬರೋದು."

"ಕೋಚ್ ಇದನ್ನ ಬರ್ದು ಕೊಡ್ತಾರಾ?" ಎಂದು ಡಾಕ್ಟರ್ ಕೇಳಿದರು.

ಪಕ್ಕದಲ್ಲಿ ಕೂತಿದ್ದ ಹೆಂಡತಿ ವೆನೀಟಾ ಅಲ್ಲಿಂದಲೇ ಕೆಸ್ಲರ್‌ಗೆ ಫೋನ್ ಮಾಡಿ ವಿಷಯ ಹೇಳಿ, ಎಲ್ಲರಿಗೂ ಕೇಳುವಂತೆ ಮೇಜಿನ ಮೇಲಿಟ್ಟಳು.

"ರೋಜ್, ನೀನು ಆವಾಗ್ಲೂ ಅಂಥಾ ಬುದ್ಧಿವಂತ ಏನಲ್ಲ ಬಿಡೋ," ಎಂದು ಕೆಸ್ಲರ್ ನಕ್ಕ.

ರೋಜೆಲ್ ಎದ್ದು ನಿಂತ. ಅವನ ಹಿಡಿತಕ್ಕೆ ಕುರ್ಚಿಯ ತೋಳು ಕಿತ್ತು ಕೈಗೆ ಬಂತು. ವೆನೀಟಾ ಅದನ್ನು ಅವನ ಕೈಯಿಂದ ಬಿಡಿಸಿಕೊಂಡಳು.

ಡಾಕ್ಟರ್ 'ಬದಲಾವಣೆ ಇಲ್ಲ' ಎಂದು ಬರೆದು ಸಹಿ ಹಾಕಿದರು. ಜುಲೈಯಲ್ಲಿ ಕೆಸ್ಲರ್‌ನ ತಂಡದ ಹತ್ತೊಂಬತ್ತು ಹೊಸ ಆಟಗಾರರು ಅದೇ ಪರೀಕ್ಷೆ ಬರೆದರು. ಐವತ್ತು ಅಂಕ ದಾಟಿದವರು ಇಬ್ಬರೇ.