ಎಡಗಾಲಿನವರು, ಬಲಗಾಲಿನವರು

"ಲೇ ಮುತ್ತ, ಜೋಡಿ ಕೇಳ್ತೀಯಾ? ಜೋಡಿ ಕೊಟ್ರೆ ನಾಳೆ ನೀನೇ ಅಂಗಡಿ ಇಟ್ಬಿಡ್ತೀಯ, ಬೋಳಿಮಗ್ನೆ! ಎಡಗಾಲು ಹೊಲಿ, ಮುಚ್ಕೊಂಡು ಕೂತ್ಕೊ."

ಭಾರ್ಗವ್ ನನಗೆ ಹೀಗೆ ಉಗಿದದ್ದು ಇಂದಿರಾನಗರದ ತನ್ನ ಬೂಟಿನಂಗಡಿಯ ಹಿಂಬಾಗಿಲಲ್ಲಿ. ಮುಂಬಾಗಿಲು ನಮಗಿಲ್ಲ. ಹಲಸೂರಿನ ನಮ್ಮ ಕೇರಿ ಎಡಗಾಲಿನ ಬೂಟು ಮಾತ್ರ ಹೊಲಿಯಬೇಕು. ಶಿವಾಜಿನಗರದ ಒಂದು ಗಲ್ಲಿ ಬಲಗಾಲಿನದು. ಎರಡೂ ಕೂಡುವುದು ಅವನ ಗಾಜಿನ ಕಪಾಟಿನಲ್ಲೇ. ಹೀಗೆಯೇ ಅವನ ಒಂದು ಅಂಗಡಿ ಮೂರಾಗಿತ್ತು. ಯಾರಾದರೂ ಗುಟ್ಟು ಕೇಳಿದರೆ, "ಎಲ್ಲ ಏರಿಯಾ ಮಹಿಮೆ ಸಾರ್, ಜೊತೆಗೆ ನನ್ನ ಮ್ಯಾನೇಜ್‌ಮೆಂಟು" ಎನ್ನುತ್ತಿದ್ದ.

ನನ್ನ ಹೊಲಿಗೆಯನ್ನು ನಾನೇ ಹೊಗಳಬಾರದು, ಆದರೂ ಹೊಗಳುತ್ತೇನೆ: ನಾನು ಹೊಲಿದ ಎಡಗಾಲು ತೊಡಿಸಿದರೆ ಹೆಣವೂ ಎದ್ದು ದೊಮ್ಮಲೂರಿನವರೆಗೆ ನಡೆದೀತು.

ಒಂದು ದಿನ ಶಿವಾಜಿನಗರದ ನೂಲಿನಂಗಡಿಯಲ್ಲಿ ಬಣ್ಣ ಹೊಂದಿಸಲು ಚೀಲದಿಂದ ಬೂಟು ತೆಗೆದೆ. ಪಕ್ಕದ ಹೆಂಗಸೂ ಒಂದು ತೆಗೆದಳು. ಅದೇ ಚರ್ಮ, ಅದೇ ಬಕಲು. ಬಲಗಾಲು.

"ನೀವೇನಾ ಆ ಎಡಗಾಲಿನ ಹರಾಮಿಗಳು?" ಎಂದಳು. ಹೆಸರು ಫಹ್ಮಿದಾ. "ಅರ್ಧ ಕೂಲಿಗೆ ಹೊಲ್ದು ನಮ್ ಹೊಟ್ಟೆ ಮೇಲೆ ಹೊಡೀತೀರಂತಲ್ಲ ಭಾಯ್!"

"ಅಕ್ಕಾ, ಆ ನನ್ಮಗ ನಿಮ್ಮ ಮೇಲೂ ಅದನ್ನೇ ಹೇಳವ್ನೆ!"

ಇಬ್ಬರೂ ಸೇರಿ ಉಗಿದ ಉಗುಳಿಗೆ ಹಲಸೂರು ಕೆರೆಯೇ ಕೋಡಿ ಬೀಳಬೇಕಿತ್ತು.

ಹೊರಮಾವಿನಲ್ಲಿ ಭಾರ್ಗವನ ನಾಲ್ಕನೆಯ ಅಂಗಡಿಯ ಪೂಜೆ. ನಮ್ಮ ಕೇರಿಯ ಮೂಟೆಗಳು ಹೊತ್ತಿಗೆ ಸರಿಯಾಗಿ ಹೋದವು. ಫಹ್ಮಿದಾಳ ಗಲ್ಲಿಯಿಂದ ಒಂದೂ ಹೋಗಲಿಲ್ಲ. ಪುರೋಹಿತ, ನೆಂಟರು, ಗಿರಾಕಿಗಳ ಎದುರು ಗೋಡೆಯ ತುಂಬ ಎಡಗಾಲೇ ಎಡಗಾಲು. ಒಂಟಿಕಾಲಿನ ದೆವ್ವಗಳಿಗೆಂದೇ ತೆರೆದ ಅಂಗಡಿಯಂತೆ!

ಭಾರ್ಗವ್ ರೇಷ್ಮೆ ಪಂಚೆಯಲ್ಲೇ ಶಿವಾಜಿನಗರಕ್ಕೆ ಓಡಿ ಬಂದ. ನಾನು ಫಹ್ಮಿದಾಳ ಜಗಲಿಯ ಮೇಲೆ ಕುಳಿತಿದ್ದೆ. ಎದುರಿಗೆ ಬಲಗಾಲುಗಳ ಗುಡ್ಡ.

"ಮುತ್ತಣ್ಣ," ಎಂದ. ನಾನು ಅಣ್ಣನಾದದ್ದು ಅವತ್ತೇ. "ಕೊಟ್ಬಿಡಿ. ನಾಳೆಯಿಂದ ಇಬ್ರಿಗೂ ಜೋಡಿನೇ ಕೊಡ್ತೀನಿ. ಅಮ್ಮಾ, ನೀವಾದ್ರೂ ಹೇಳಿ."

"ನಾಳೇದು ನಾಳೆ ನೋಡಣ ಸಾಬ್," ಎಂದು ಫಹ್ಮಿದಾ ಚರ್ಮ ಕೊಯ್ಯುವ ರಂಪಿಗೆ ಎತ್ತಿ ಒಂದು ಬೂಟನ್ನು ಮುಂತುದಿಯಿಂದ ಹಿಮ್ಮಡಿಯವರೆಗೆ ಸೀಳಿದಳು.

"ಅಯ್ಯೋ, ಬೇಡ! ಕಾಲಿಗೆ ಬೀಳ್ತೀನಿ!"

"ಬೀಳು," ಎಂದೆ.

ಬಿದ್ದ. ರೇಷ್ಮೆ ಚರಂಡಿ ನೀರು ಹೀರಿತು. ಫಹ್ಮಿದಾ ನನ್ನ ಕೈಗೂ ಒಂದು ರಂಪಿಗೆ ಕೊಟ್ಟಳು. ಗುಡ್ಡ ಇನ್ನೂ ದೊಡ್ಡದಿತ್ತು.