ಹಿಂದಿದ್ದ ಹದಿನೈದು ನಿಮಿಷ

"ಗಡಿಯಾರ ಸರಿಯಾಗೇ ಇದೆಯಲ್ಲಮ್ಮ," ಎಂದು ದೊಡ್ಡ ಡಾಕ್ಟರು ವಾರ್ಡಿನ ಕಂಪ್ಯೂಟರಿನ ಮೂಲೆಯ ಅಂಕಿಗಳ ಮೇಲೆ ಬೆರಳಿಟ್ಟರು. ಇನ್ನೊಂದು ಕೈಯಲ್ಲಿದ್ದ ಮೊಬೈಲನ್ನೂ ತೋರಿಸಿದರು. ಎರಡರಲ್ಲೂ ಹನ್ನೊಂದು ಗಂಟೆ ನಾಲ್ಕು ನಿಮಿಷ.

ಹೋದ ಸೋಮವಾರ ಡಾಕ್ಟರ ಅಪ್ಪಣೆ ಬಂದ ಮೇಲೆಯೇ, ಎದುರಿಗೆ ನಿಂತಿದ್ದ ನರ್ಸು ಇಂಜೆಕ್ಷನ್ ಕೊಟ್ಟಿದ್ದಳು. ದಾಖಲೆ ಬೇರೆಯೇ ಹೇಳುತ್ತಿತ್ತು: ವಾರ್ಡಿನ ಈ ಕಂಪ್ಯೂಟರಿನಲ್ಲಿ ಇಂಜೆಕ್ಷನ್ ಹತ್ತು ಹತ್ತಕ್ಕೆ, ಡಾಕ್ಟರ ಕೋಣೆಯ ಕಂಪ್ಯೂಟರಿನಲ್ಲಿ ಅಪ್ಪಣೆ ಹತ್ತು ಇಪ್ಪತ್ತಕ್ಕೆ. ಸಂಜೆಗೆ ರೋಗಿ ತೀರಿಕೊಂಡಿದ್ದ. ಕೇಳದೆ ಸೂಜಿ ಚುಚ್ಚಿದಳೆಂಬ ಒಂದು ಮಾತು ಇಪ್ಪತ್ತೆರಡು ವರ್ಷದ ಕೆಲಸವನ್ನು ನುಂಗಲು ಬಾಯಿ ತೆರೆದು ಕೂತಿತ್ತು.

"ಅದು ಹಿಂದಿತ್ತು ಸಾರ್, ಹದಿನೈದು ನಿಮಿಷ," ಎಂದ ಬಾಗಿಲಲ್ಲಿ ನಿಂತಿದ್ದ ಅವಳ ತಮ್ಮ. ಆಸ್ಪತ್ರೆಯ ಕಂಪ್ಯೂಟರುಗಳನ್ನೆಲ್ಲ ನೋಡಿಕೊಳ್ಳುವವನು ಅವನೇ. "ನಾನೇ ಕಣ್ಣಾರೆ ನೋಡಿದೀನಿ."

"ಈಗ?"

"ನಿನ್ನೆ ಸರಿ ಮಾಡ್ದೆ. ಒಳಗಿನ ಬ್ಯಾಟರಿ ಸತ್ತಿತ್ತು. ಅದನ್ನ ಬದಲಾಯಿಸಿ, ಎಲ್ಲಾ ಅಳಿಸಿ ಹೊಸದಾಗಿ ಹಾಕಿ, ನೆಟ್‌ವರ್ಕಿಂದಲೇ ಟೈಮ್ ತಗೊಳ್ಳೋ ಹಾಗೆ ಮಾಡಿದೀನಿ. ಇನ್ಮೇಲೆ ಒಂದು ಸೆಕೆಂಡೂ ಆಚೀಚೆ ಆಗಲ್ಲ."

ಕೊನೆಯ ಮಾತಿನಲ್ಲಿ ಕಸುಬಿನವನ ಹೆಮ್ಮೆ ಇಣುಕಿದ್ದು ಅವನಿಗೇ ಕೇಳಿಸಿತು.

"ಅಳಿಸೋ ಮುಂಚೆ ಯಾರಿಗಾದ್ರೂ ತೋರಿಸಿದ್ಯಾ? ಒಂದು ಫೋಟೋ?"

"ಇಲ್ಲ ಸಾರ್," ಎಂದ. ಕೆಟ್ಟದ್ದು ಕಂಡರೆ ಮೊದಲು ಸರಿಮಾಡು, ಬರೆಯುವುದು ಆಮೇಲೆ. ಕಲಿಸಿದವರು ಹಾಗೇ ಕಲಿಸಿದ್ದರು.

"ಅಕ್ಕನ ಮೇಲಿನ ಪ್ರೀತಿ ಹಾಗೆ ಹೇಳಿಸುತ್ತೆ. ತಪ್ಪಿಲ್ಲ ಬಿಡು," ಎಂದು ದೊಡ್ಡ ಡಾಕ್ಟರು ಕಡತ ಮುಚ್ಚಿದರು.

ನರ್ಸುಗಳ ಕೋಣೆಯಿಂದ ಹೊರಗೆ, ವಾರ್ಡಿಗೆ ಬಂದ ಮೇಲೆ ಅಕ್ಕ ಬಾಯಿಬಿಟ್ಟಳು. "ಕಳ್ಳ ನುಗ್ಗಿದ ಮನೇನ ಪೊಲೀಸ್ರು ಬರೋದ್ರೊಳಗೆ ಗುಡಿಸಿ ಸಾರಿಸಿಟ್ಟೆಯಲ್ಲೋ. ನೋಡು ಅಂದಿದ್ದೆ ಕಣೋ ನಿನಗೆ. ಮುಟ್ಟು ಅಂದಿರಲಿಲ್ಲ."

"ದೇವರಿಗೆ ಗೊತ್ತಕ್ಕ."

"ಗೊತ್ತಿರುತ್ತೆ. ಅವನು ಸಾಕ್ಷಿ ಹೇಳೋಕೆ ಬರಲ್ಲ."

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ಅವನು ಸುಧಾರಿಸಿಕೊಳ್ಳುತ್ತಿದ್ದನೇನೋ.

ಕಿಟಕಿಯ ಪಕ್ಕದ ಹಾಸಿಗೆಯಿಂದ ಮುದುಕಿಯೊಬ್ಬಳು ಕರೆದಳು. "ಸಿಸ್ಟರಮ್ಮಾ, ಗ್ಲೂಕೋಸ್ ಬಾಟ್ಲಿ ಮುಗೀತು ನೋಡು."

ಹಾಸಿಗೆಯ ಬಳಿ ಹೋದ ಅಕ್ಕನ ಕೈ ತಾನಾಗಿಯೇ ಮೇಲೆದ್ದು ನಳಿಕೆಯವರೆಗೆ ಹೋಯಿತು. ಕೇಳದೆ ಚುಚ್ಚಿದಳೆಂಬ ಮಾತು ನೆನಪಾಗಿ ಅಲ್ಲಿಗೇ ನಿಂತಿತು. "ಬೇರೆಯವರನ್ನ ಕರೀತೀನಿ ಅಜ್ಜಿ," ಎಂದಳು. ಕರೆಯಲು ಹತ್ತಿರದಲ್ಲಿ ಯಾರೂ ಇರಲಿಲ್ಲ. ಎತ್ತಿದ ಕೈಯನ್ನು ಮತ್ತೊಂದು ಕೈಯಲ್ಲಿ ಹಿಡಿದುಕೊಂಡು, ಬರಿದಾದ ಬಾಟಲಿಯ ಕೆಳಗೆ ಹಾಗೇ ನಿಂತಳು.